ಕರಿ ಬಣ್ಣ, ಅರ್ಧ ಡಬ್ಬಿ

ಚಿಕಾಲಿಮ್ ದಾಟಿ ಎಡಕ್ಕ ಹೊಳ್ಳಿದರ
ಗೇರುಗಿಡದ ನಡುವ ಒಂದು ಕಾಲುದಾರಿ.
ಮಳಿಗಾಲ ಮುಗದು ಹದಿನೈದು ದಿನಕ್ಕ
ಪಂಚಾಯ್ತಿಯವರು ಫೋನ್ ಮಾಡತಾರ:
ಪೇಂಟರ್, ಗುಡ್ಡಕ್ಕ ಹೋಗಿ ಬಾ.
ಹೋಗತೇನಿ. ಎರಡು ಕುಂಚ, ಟರ್ಪೆಂಟೈನ್,
ಅರ್ಧ ಡಬ್ಬಿ ಕರಿ ಬಣ್ಣ,
ಅರಿವಿಯೊಳಗ ಎರಡು ರೊಟ್ಟಿ, ಶೇಂಗಾ ಹಿಂಡಿ.

ಮ್ಯಾಲ ಒಂದು ಜಂಬಿಟ್ಟಿಗಿ ಕಟ್ಟಿ, ನನ್ನ ಎದಿಮಟ್ಟ.
ಅದರಾಗ ಬಿಳಿ ಕಲ್ಲಿನ ಹಲಗಿ.
ಇಲ್ಲಿಂದನ ಹಾರಿದ್ರಂತ ಇಬ್ಬರು,
ಬಿದಿರು, ಹಾಯಿ ಅರಿವಿ, ಮೀನಬಲಿ ಹಗ್ಗ ಕಟಗೊಂಡು.
ಎಂಜಿನ್ ಇರಲಿಲ್ಲ.
ಹದಿನೇಳು ಸೆಕೆಂಡು ಅಂತ ಕಲ್ಲು ಹೇಳತೈತಿ.
ಆಮ್ಯಾಲಿಂದು ಹೇಳೂದಿಲ್ಲ.
ಆಮ್ಯಾಲ ಖಾಜನ್ ಗದ್ದಿ, ಕೆಸರು.

ಒಂದು ದೊಡ್ಡ ಅಕ್ಷರ ತುಂಬಾಕ ನನಗ ನಾಕು ನಿಮಿಷ ಬೇಕು.
ಅವರ ಹಾರಾಟದಾಗ
ಅಕ್ಷರದ ಒಂದು ಕಾಲು ಸೈತ ಒಣಗೂದಿಲ್ಲ.

ನನಗ ಆ ಭಾಷಾ ಬರೂದಿಲ್ಲ.
ಅಕ್ಷರ ಬರತಾವು, ಮಾತು ಬರೂದಿಲ್ಲ.
ವಾಸ್ಕೋದಾಗ ಇಪ್ಪತ್ತೆರಡು ವರ್ಷ
ಬಾರು, ಸಲೂನು, ರೂಮು ಬಾಡಿಗಿಗೆ, ನಾಯಿ ಐತಿ ಎಚ್ಚರ,
ಎಲ್ಲಾ ಬರದೇನಿ.
ಒಂದು ಗೆರಿ ಸೊಟ್ಟ ಆದರ ಬೆಟಗೇರಿಯ ಖಾಜೇಸಾಬ ಉಸ್ತಾದ
ಕುಂಚದ ಹಿಡಿಕಿಲೆ ಮೊಣಕಾಲಿಗೆ ಹೊಡೀತಿದ್ದ.
ಸೊಟ್ಟ ಕಂಡರ ಇವತ್ತಿಗೂ ಮೊಣಕಾಲು ಜುಂ ಅಂತೈತಿ.

ಅದಕ್ಕ ಮೊದಲನೇ ವರ್ಷ ಹಂಗಾತು.
ಮೊದಲನೇ ಹೆಸರಿನ ಕಡೀ ಮಗ್ಗಲಕ
ಛಪ್ಪರದಂಥ ಒಂದು ಅಕ್ಷರ, ಅದರ ನೆತ್ತಿ ಮ್ಯಾಲ
ಒಂದು ಸೊಟ್ಟ ಗೀರು. ಕಲ್ಲು ಸೀಳೇತಿ ಅನಕೊಂಡೆ.
ಬಿಳಿ ಸಿಮೆಂಟ್ ಕಲಿಸಿ ಮೆತ್ತಿ, ಬೆರಳಿಲೆ ಸವರಿ,
ಸುದ್ದ ಮಾಡಿದೆ ಅಂತ ಬೀಡಿ ಹಚ್ಚಿದೆ.

ಆಗ ಬಂದ್ಲು ಎರ್ಮೆಲಿಂದಾ ಬಾಯಿ,
ಎಂಬತ್ತರ ಮುದುಕಿ, ಛತ್ರಿ ಊರಕೋತ.
ಹಾರಿದವನ ತಮ್ಮನ ಮೊಮ್ಮಗಳು.
ನೋಡಿದ್ಲು. ಕೊಂಕಣಿಯೊಳಗ ಬೈದ್ಲು.
ಬೈದದ್ದು ಮುಗಿಯೂಕಿಂತ ಮೊದಲ
ಮುಡಿಯೊಳಗಿನ ಪಿನ್ನು ಕಿತ್ತು ಹಸಿ ಸಿಮೆಂಟ್ ಕೆದರಾಕ ನಿಂತ್ಲು.
"ಇದು ಸೀಳಲ್ಲ. ಇದು ಮೂಗು."
ಮೂಗು?
"ಸೆಬಾಸ್ತ್ಯಾಂವ್. ಹೇಳು. ಮೂಗಿಲೆ ಹೇಳು."
ಹೇಳಿದೆ. "ಇನ್ನೊಮ್ಮೆ." ಹೇಳಿದೆ.
ಗುಡ್ಡದ ಮ್ಯಾಲ ಇಬ್ಬರು
ನೆಗಡಿ ಬಂದವರಂಗ ಸತ್ತವನ್ನ ಕರಕೋತ.

ನಮ್ಮಲ್ಲಿ ಅದಕ್ಕ ಸೊನ್ನಿ ಐತಿ.
ಅಕ್ಷರದ ಮಗ್ಗಲಕ ನೆಲಕ್ಕ ಕುಂತಿರತೈತಿ:
ಗುಂಡು, ಬಂಡಿ, ಹಂಡೆ.
ಅಂಬರ ಅಂತ ಬರೀರಿ ಬೇಕಾರ,
ಅಲ್ಲೂ ನೆಲಾ ಬಿಡೂದಿಲ್ಲ ಅದು.
ಇವರದು ರೆಕ್ಕಿ ಬಿಚ್ಚಿ ನೆತ್ತಿ ಮ್ಯಾಲ ನಿಂತೈತಿ.
ಅಕ್ಷರಕ್ಕ ತಾಗೂದಿಲ್ಲ.
ನಡುವ ಒಂದು ಜ್ವಾಳದ ಕಾಳಿನಷ್ಟು ಗಾಳಿ.

ಎರಡನೇ ಹೆಸರು ವಿಠೋಬಾ ಚಾರಿ, ಬಡಿಗ್ಯಾ.
ಅವನ ಹೆಸರಿನ ಮ್ಯಾಲ ಏನೂ ಇಲ್ಲ.
ಹಿಂದ ಕುಂತಿದ್ನಂತ. ಕಾಲು ಮುರದದ್ದು ಅವಂದನ.

ಇಸವಿಯ ಕಡೀ ಅಂಕಿ ಪಾಚಿ ತಿಂದೈತಿ,
ಒಂದೋ ಏಳೋ ತಿಳಿಯೂದಿಲ್ಲ.
ನಿನಗ ಕಂಡಂಗ ತುಂಬು ಅಂದ್ರು ಪಂಚಾಯ್ತಿಯವರು.
ಒಂದು ವರ್ಷ ಒಂದು ತುಂಬಿದೆ, ಆಮ್ಯಾಲ ಏಳು.
ಯಾರೂ ಕೇಳಲಿಲ್ಲ. ಬಾಯಿ ಕೇಳತಿದ್ಲು;
ಆಕಿ ಛತ್ರಿ ಸಪ್ಪಳ ಕೇಳಿ ಮೂರು ದೀಪಾವಳಿ ಆದುವು.

ಎಲ್ಲಾ ತುಂಬಿ ಕಡೀಕ ಅದನ್ನ ತುಂಬತೇನಿ,
ಸಣ್ಣ ಕುಂಚ, ಉಸರು ಹಿಡದು.
ಬಿಟ್ಟರ ಕೈ ನಡಗತೈತಿ.
ಈ ಸಲ ಎಣಿಸಿದೆ. ಹದಿನೇಳಕ್ಕ
ದಾಬೋಳಿಯಿಂದ ಒಂದು ವಿಮಾನ ತಲಿ ಮ್ಯಾಲ ಹಾದು ಹೋತು,
ಕಟ್ಟಿ ನಡಗಿತು, ನಾನು ಮ್ಯಾಲ ನೋಡಲಿಲ್ಲ.
ಇಪ್ಪತ್ತೊಂದಕ್ಕ ಮುಗೀತು.
ಒಂದು ಕೊನಿ ಚೂರು ದಪ್ಪ ಆತು. ಇರಲಿ.

ಬಿಲ್ಲಿನಾಗ ಬರದುಕೊಟ್ಟೆ:
ಅಕ್ಷರ ಅರವತ್ತೆಂಟು, ಅಂಕಿ ಆರು, ಹಕ್ಕಿ ಒಂದು.
ಕ್ಲಾರ್ಕ ಕಡೀದು ಹೊಡದು ಹಾಕಿದ.
ಅದಕ್ಕ ರೇಟ್ ಇಲ್ಲಂತ.